ತೊಂಬತ್ತನಾಲ್ಕನೆಯ ಪುಟದ ಅಭ್ಯಾಸ

ಜನವರಿ ೧೨

ಚಿ. ಅಲ್ಪವಿರಾಮಳಿಗೆ ಆಶೀರ್ವಾದಗಳು.

ನಿವೃತ್ತ ಭಾಷಾ ಶಿಕ್ಷಕಿ. ಸೇವಾವಧಿ ಮೂವತ್ತಾರು ವರ್ಷ, ನಾಲ್ಕು ತಿಂಗಳು, ಹನ್ನೊಂದು ದಿನ. ಪೂರ್ಣ ಹೆಸರು ಲಕೋಟೆಯ ಹಿಂಬದಿಯಲ್ಲಿ ಇನಿಷಿಯಲ್ ಸಹಿತ ಇದೆ. ನಿನ್ನ ಪುಸ್ತಕದ ಕೃತಜ್ಞತೆಯ ಪುಟಕ್ಕೆಂದು ನೀನು ಕೇಳಿದ ವಿವರ ಇಷ್ಟೇ. ಅದರ ಹಿಂದೆ ಮುಂದೆ ‘ಆದರ್ಶ’, ‘ಹೆಸರಾಂತ’ ಮುಂತಾದ ವಿಶೇಷಣಗಳನ್ನು ಅಂಟಿಸಿದರೆ ನಾನೇ ಮುದ್ರಣಾಲಯಕ್ಕೆ ಬಂದು ಕಿತ್ತುಹಾಕುತ್ತೇನೆ.

ಎಂಟನೆಯ ತರಗತಿಯಲ್ಲಿ ಒಂದೊಂದು ಮಾತಿಗೂ ನಿಂತು ಉಸಿರೆಳೆದು ಮುಂದುವರಿಯುತ್ತಿದ್ದ ಹುಡುಗಿಗೆ ಇಟ್ಟ ಅಡ್ಡಹೆಸರು ಪ್ರಕಾಶನ ಸಂಸ್ಥೆಯ ಸಂಪಾದಕಿಗೆ ಸಲ್ಲುತ್ತದೆಯೋ ಇಲ್ಲವೋ ತಿಳಿಯದು. ಬೇಡವೆಂದರೆ ಬರೆ, ನಿಲ್ಲಿಸುತ್ತೇನೆ.

ದೊಡ್ಡವರಿಗೆ ಸಾಹಿತ್ಯ ಓದುವುದನ್ನೂ ಬರೆಯುವುದನ್ನೂ ಮೊದಲಿನಿಂದ ಕಲಿಸುವ ಕೈಪಿಡಿಯೊಂದನ್ನು ಬರೆಯುತ್ತಿದ್ದೀಯೆ ಎಂದು ತಿಳಿದು ಸಂತೋಷವಾಯಿತು. ಇಲ್ಲಿ ಸಾರ್ವಜನಿಕ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ನಾನು ಭಾನುವಾರ ನಡೆಸುವ ತರಗತಿಗೆ ಈಗ ಹನ್ನೊಂದು ಜನ ಬರುತ್ತಾರೆ. ಅವರ ಕೈಗೆ ಕೊಡಲು ಪುಸ್ತಕವೇ ಇಲ್ಲ. ಇರುವುದೆಲ್ಲ ಒಂದೋ ಮಕ್ಕಳಿಗೆ, ಇಲ್ಲವೇ ಪಂಡಿತರಿಗೆ. ಐವತ್ತು ದಾಟಿದ ದರ್ಜಿಯೊಬ್ಬರು ಜೀವನದಲ್ಲಿ ಮೊದಲ ಸಲ ಪದ್ಯವೊಂದರ ಮುಂದೆ ಕುಳಿತಿರುವಾಗ ಅವರಿಗೆ ಇಲಿಮರಿಯ ಚಿತ್ರವಿರುವ ಪುಸ್ತಕ ಕೊಡುವುದು ಅವಮಾನ. ಛಂದಸ್ಸಿನ ಲಕ್ಷಣ ಕೊಡುವುದು ಕ್ರೌರ್ಯ. ಈ ನಡುವಿನ ದಾರಿಯನ್ನು ನೀನು ಹಾಕುವುದಾದರೆ ಕಲ್ಲು ಮಣ್ಣು ಹೊರಲು ನಾನು ಸಿದ್ಧ. ಅಧ್ಯಾಯಗಳನ್ನು ಕಳುಹಿಸು. ಒಂದು ಷರತ್ತು: ಎಲ್ಲವನ್ನೂ ಕಳುಹಿಸಬೇಕು. ನನ್ನ ಕಣ್ಣು ದಾಟದ ಪುಟಕ್ಕೆ ನಾನು ಹೊಣೆಯಾಗುವುದಿಲ್ಲ.

ಚಿಕ್ಕಮ್ಮ ಹೇಗಿದ್ದಾರೆ ಎಂದು ಕೇಳಿದ್ದೀಯೆ. ನನ್ನ ತಂಗಿಯನ್ನು ನೀನು ಹಾಗೆ ಕರೆಯುವುದನ್ನು ಬಿಟ್ಟಿಲ್ಲ. ಅಣ್ಣನ ಮಗಳ ಮನೆಯಲ್ಲಿ ಚೆನ್ನಾಗಿದ್ದಾಳೆಂದು ಕೇಳಿದ್ದೇನೆ. ಹೋಗಿ ಎರಡು ವರ್ಷವಾಯಿತು. ಅಲ್ಲಿ ಮಗು ಚಿಕ್ಕದು, ಜನ ಬೇಕು.

ಇತಿ,
ನಿನ್ನ ಮೇಡಂ


ಜನವರಿ ೨೮

ಪೂಜ್ಯ ಮೇಡಂ ಅವರಿಗೆ ನಮಸ್ಕಾರಗಳು.

ಆ ಹೆಸರನ್ನು ನಿಲ್ಲಿಸಬೇಡಿ. ಕಚೇರಿಯಲ್ಲಿ ಎಲ್ಲರೂ ನನ್ನನ್ನು ‘ಮೇಡಂ’ ಎನ್ನುತ್ತಾರೆ. ಪ್ರತಿ ಸಲವೂ ಬೆಚ್ಚಿ, ನೀವು ಹಿಂದೆ ಬಂದು ನಿಂತಿರೇನೋ ಎಂದು ತಿರುಗಿ ನೋಡುತ್ತೇನೆ.

ಮೊದಲ ಮೂರು ಅಧ್ಯಾಯಗಳು ಇದರೊಂದಿಗಿವೆ. ಪುಸ್ತಕದ ಹೆಸರು ‘ಮೊದಲ ಪುಟಕ್ಕೆ ಧೈರ್ಯ’. ಒಂದನೆಯ ಅಧ್ಯಾಯ ಕಲಿಯುವವರಿಗಲ್ಲ, ಕಲಿಸುವವರಿಗೆ. ಅಲ್ಲಿ ಒಂದು ನಿಯಮವಿಟ್ಟಿದ್ದೇನೆ: ‘ಹೊಸಬರ ಬರಹದಲ್ಲಿ ಎಷ್ಟೇ ತಪ್ಪಿರಲಿ, ಒಂದು ಪುಟಕ್ಕೆ ಮೂರಕ್ಕಿಂತ ಹೆಚ್ಚು ಗುರುತು ಹಾಕಬೇಡಿ.’ ನೀವು ಒಪ್ಪುವುದಿಲ್ಲ ಎಂದು ಗೊತ್ತು. ಆದರೂ ತೆಗೆಯಲು ಮನಸ್ಸಿಲ್ಲ.

ಪುಸ್ತಕ ನಿಜವಾಗಿ ಹೊಸಬರಿಗೆ ತಿಳಿಯುತ್ತದೆಯೇ ಎಂದು ಪರೀಕ್ಷಿಸಲು ನನಗೊಬ್ಬರು ಓದುಗರು ಸಿಕ್ಕಿದ್ದಾರೆ. ಅವರಿಗೆ ಅರ್ಥವಾದ ಮೇಲೆಯೇ ಪುಟ ಮುಂದಕ್ಕೆ. ಅವರು ‘ಇದು ಗೊತ್ತಾಗಲಿಲ್ಲ ಕಣೇ’ ಎಂದರೆ ಆ ಸಾಲು ನನ್ನದು ಸತ್ತಂತೆ.

ನಿಮ್ಮ,
ಅಲ್ಪವಿರಾಮ


ಫೆಬ್ರವರಿ ೧೫

ಚಿ. ಅಲ್ಪವಿರಾಮಳಿಗೆ,

ಮೂರು ಅಧ್ಯಾಯಗಳಲ್ಲಿ ಒಟ್ಟು ಇನ್ನೂರ ಹನ್ನೆರಡು ಗುರುತುಗಳಿವೆ. ಮೂರರ ನಿಯಮ ನಿನಗೆ ಅನ್ವಯಿಸುವುದಿಲ್ಲ, ನೀನು ಹೊಸಬಳಲ್ಲ.

ಆ ನಿಯಮದ ಬಗ್ಗೆ: ತಪ್ಪನ್ನು ಕಂಡೂ ಬಿಡುವುದು ಕರುಣೆಯಲ್ಲ, ಸೋಮಾರಿತನ. ಕಾಲಲ್ಲಿ ಐದು ಮುಳ್ಳು ಮುರಿದಿದ್ದರೆ ಮೂರನ್ನು ಕಿತ್ತು ‘ಉಳಿದದ್ದು ಮುಂದಿನ ವಾರ’ ಎನ್ನುವ ವೈದ್ಯನನ್ನು ನೀನು ಮೆಚ್ಚುತ್ತೀಯಾ? ನಿನ್ನ ಆ ಪರೀಕ್ಷಕರು ಯಾರೋ, ಬಹಳ ಮೃದು ಸ್ವಭಾವದವರಿರಬೇಕು. ಮೃದು ಸ್ವಭಾವದವರನ್ನು ಕೇಳಿ ನಿಯಮ ಮಾಡಬಾರದು. ಆದರೆ ಪುಸ್ತಕ ನಿನ್ನದು.

ಎರಡನೆಯ ಅಧ್ಯಾಯ ಚೆನ್ನಾಗಿದೆ. ಕತೆ ಬರೆಯಲು ಕುಳಿತವರಿಗೆ ‘ನಿಮ್ಮ ಮನೆಯ ಬಾಗಿಲ ಚಿಲಕದ ಸದ್ದನ್ನು ವರ್ಣಿಸಿ’ ಎಂದು ಕೇಳಿದ್ದೀಯೆ. ನನ್ನ ತರಗತಿಯಲ್ಲಿ ಪ್ರಯೋಗಿಸಿದೆ. ಬಸ್ ಚಾಲಕರೊಬ್ಬರು ಎದ್ದು, ‘ನಮ್ಮನೆ ಚಿಲಕಕ್ಕೆ ಸದ್ದೇ ಇಲ್ಲ ಮೇಡಂ, ನಮ್ಮನೆಯವಳು ಎಣ್ಣೆ ಬಿಟ್ಟಿಟ್ಟಿರ್ತಾಳೆ, ನಾನು ಲೇಟಾಗಿ ಬಂದ್ರೆ ಅತ್ತೆಗೆ ಗೊತ್ತಾಗ್ಬಾರ್ದು ಅಂತ’ ಎಂದರು. ತರಗತಿಯೆಲ್ಲ ನಕ್ಕಿತು. ಆಮೇಲೆ ಅವರು ಅದನ್ನೇ ಬರೆದರು. ಒಂದು ಪುಟ. ಇಪ್ಪತ್ತಾರು ತಪ್ಪು. ಕತೆ ಮಾತ್ರ ಕತೆಯೇ.

ವಿಷಯಸೂಚಿಯಲ್ಲಿ ಏಳನೆಯದು ‘ಪತ್ರವನ್ನು ಓದುವುದು ಹೇಗೆ’ ಎಂದಿದೆ. ಅದಕ್ಕಾಗಿ ವಿಶೇಷವಾಗಿ ಕಾಯುತ್ತಿದ್ದೇನೆ. ಈಗಿನವರು ಪತ್ರ ಬರೆಯುವುದೂ ಇಲ್ಲ, ಓದುವುದೂ ಇಲ್ಲ.

ಇತಿ,
ನಿನ್ನ ಮೇಡಂ


ಮಾರ್ಚ್ ೯

ಪೂಜ್ಯ ಮೇಡಂ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಾಲ್ಕರಿಂದ ಆರು, ಎಂಟರಿಂದ ಹತ್ತನೆಯ ಅಧ್ಯಾಯಗಳನ್ನು ಕಳುಹಿಸಿದ್ದೇನೆ. ಏಳನೆಯದು ಇನ್ನೂ ಸಿದ್ಧವಿಲ್ಲ. ಅಭ್ಯಾಸಕ್ಕೆ ಸರಿಯಾದ ಪತ್ರವೊಂದು ಕೂಡಿಬರುತ್ತಿಲ್ಲ. ಮುದ್ರಣಾಲಯದವರು ತಿಂಗಳ ಕೊನೆಯ ಗಡುವು ಕೊಟ್ಟಿದ್ದಾರೆ. ಉಳಿದವನ್ನು ನೋಡಿ ಒಪ್ಪಿಗೆ ಕೊಟ್ಟರೆ ಸಾಕು.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಒಬ್ಬರೇ ಇದ್ದೀರಿ.

ಅಲ್ಪವಿರಾಮ


ಮಾರ್ಚ್ ೨೦

ಚಿ. ಅಲ್ಪವಿರಾಮಳಿಗೆ,

ಒಪ್ಪಿಗೆ ಇದೆ. ಷರತ್ತಿನ ಪ್ರಕಾರ ಏಳನೆಯ ಅಧ್ಯಾಯಕ್ಕೆ ನಾನು ಪಟ್ಟು ಹಿಡಿಯಬೇಕಿತ್ತು. ಹಿಡಿಯುತ್ತಿಲ್ಲ. ಒಂಬತ್ತು ಅಧ್ಯಾಯ ಓದಿದವಳಿಗೆ ಉಳಿದೊಂದರ ಮೇಲೆ ನಂಬಿಕೆ ಬರದಿದ್ದರೆ ಓದಿದ್ದೇ ದಂಡ.

ಒಂದು ಮಾತನ್ನು ಸಾಮಾನ್ಯವಾಗಿ ನಾನು ಬರೆಯುವುದಿಲ್ಲ, ಇವತ್ತು ಬರೆಯುತ್ತೇನೆ. ಮೂವತ್ತಾರು ವರ್ಷಗಳಲ್ಲಿ ನನ್ನ ಕೈಯಲ್ಲಿ ಸುಮಾರು ನಾಲ್ಕು ಸಾವಿರ ಮಕ್ಕಳು ಕಲಿತರು. ಓದುವುದನ್ನು ನಿಜವಾಗಿ ಕಲಿತವಳು ನೀನೊಬ್ಬಳೇ ಎಂದು ಈಗ ಅನ್ನಿಸುತ್ತಿದೆ. ಒಬ್ಬರೇ ಇದ್ದೀರಿ ಎಂದು ಮರುಗಬೇಡ. ನಿನ್ನ ಪುಸ್ತಕದ ಹಾಳೆಗಳು ಮೇಜಿನ ತುಂಬ ಹರಡಿಕೊಂಡಿರುವಾಗ ಮನೆಯಲ್ಲಿ ಇನ್ನೊಬ್ಬರು ಕೂರಲು ಜಾಗವೂ ಇಲ್ಲ.

ಪುಸ್ತಕ ಬಂದೊಡನೆ ಹನ್ನೆರಡು ಪ್ರತಿ ಕಳುಹಿಸು. ಹನ್ನೊಂದು ತರಗತಿಗೆ, ಒಂದು ನನ್ನ ದಿಂಬಿನ ಪಕ್ಕಕ್ಕೆ.

ಇತಿ,
ನಿನ್ನ ಮೇಡಂ


ಮೇ ೨

ಪೂಜ್ಯ ಮೇಡಂ,

ಹನ್ನೆರಡು ಪ್ರತಿಗಳನ್ನು ಕಳುಹಿಸಿದ್ದೇನೆ. ಮುಖಪುಟದ ನೀಲಿ ಸ್ವಲ್ಪ ಗಾಢವಾಯಿತು, ಕ್ಷಮಿಸಿ.

ಒಂದು ವಿನಂತಿ. ಏಳನೆಯ ಅಧ್ಯಾಯವನ್ನು ತರಗತಿಯಲ್ಲಿ ತೆಗೆಯುವ ಮೊದಲು ನೀವೊಬ್ಬರೇ ಒಮ್ಮೆ ಓದಿ. ಓದಿದ ಮೇಲೆ ನನಗೆ ಬರೆಯಿರಿ. ಏನು ಬರೆದರೂ ಸರಿ.

ಅಲ್ಪವಿರಾಮ


ಜೂನ್ ೨೩

‘ಮೊದಲ ಪುಟಕ್ಕೆ ಧೈರ್ಯ’ ಪುಸ್ತಕದ ಸಂಪಾದಕಿಯವರಿಗೆ,

ತಮ್ಮ ಮೇ ಎರಡರ ವಿನಂತಿಯನ್ನು ನಾನು ಪಾಲಿಸಲಿಲ್ಲ. ತಾವು ಅಚ್ಚಿನ ದೋಷಕ್ಕೆ ಹೆದರಿದ್ದೀರೆಂದು ಭಾವಿಸಿ ಮನಸ್ಸಿನಲ್ಲೇ ನಕ್ಕು, ಪುಸ್ತಕಗಳನ್ನು ನೇರವಾಗಿ ತರಗತಿಗೆ ಹಂಚಿದೆ. ಅದು ನನ್ನ ತಪ್ಪು. ಮುಂದೆ ಬರೆಯುವುದು ತಮ್ಮದು.

ನಿನ್ನೆ, ಭಾನುವಾರ, ಏಳನೆಯ ಅಧ್ಯಾಯ. ತೊಂಬತ್ತನಾಲ್ಕನೆಯ ಪುಟವನ್ನು ಗಟ್ಟಿಯಾಗಿ ಓದಲು ತರಗತಿಗೆ ಬರುವ ನರ್ಸ್ ಒಬ್ಬರಿಗೆ ಹೇಳಿದೆ. ಅವರು ಓದಿದ್ದು ಇದು:

‘ನಿವೃತ್ತಿಯಾಗಿ ನಾಲ್ಕು ವರ್ಷ ತುಂಬಿತು. ತಂಗಿ ಕಳೆದ ವಾರ ಅಣ್ಣನ ಮಗಳ ಮನೆಗೆ ಹೊರಟಳು. ಅಲ್ಲಿ ಮಗುವನ್ನು ನೋಡಿಕೊಳ್ಳಲು ಜನ ಬೇಕು. ಮನೆ ಈಗ ಪ್ರಶಾಂತವಾಗಿದೆ, ಓದಲು ಅನುಕೂಲ. ಅವಳದೊಂದು ನೋಟ್‌ಬುಕ್ ಇಲ್ಲಿಯೇ ಉಳಿದಿದೆ. ಅಂಚೆಗೆ ತೂಕ ಹೆಚ್ಚಾಗುವುದರಿಂದ ಕಳುಹಿಸಿಲ್ಲ. ನೀನು ಈ ಕಡೆ ಬಂದರೆ ಎರಡು ಕೆಂಪು ಪೆನ್ನು ತಾ. ಇದ್ದುದು ಮುಗಿಯಿತು.’

ಅದರ ಕೆಳಗೆ ತಮ್ಮ ಪ್ರಶ್ನೆ: ‘ಈ ಪತ್ರ ಬರೆದವರು ಏನನ್ನು ಮುಚ್ಚಿಡುತ್ತಿದ್ದಾರೆ? ಪತ್ರದ ಮಾತುಗಳನ್ನೇ ಆಧಾರವಾಗಿಟ್ಟುಕೊಂಡು ಐದು ವಾಕ್ಯಗಳಲ್ಲಿ ಬರೆಯಿರಿ.’

ಎರಡು ವರ್ಷದ ಹಿಂದೆ ನಾನು ತಮಗೆ, ತಮಗೊಬ್ಬರಿಗೇ, ಬರೆದ ಪತ್ರ. ಒಂದು ಅಕ್ಷರವನ್ನೂ ತಾವು ಬದಲಿಸಿಲ್ಲ. ಮೇಲಿನ ದಿನಾಂಕವನ್ನೂ ಕೆಳಗಿನ ಸಹಿಯನ್ನೂ ಕತ್ತರಿಸಿದ್ದೀರಿ, ಅಷ್ಟೇ. ತಲೆಯನ್ನೂ ಕಾಲನ್ನೂ ತೆಗೆದರೆ ಗುರುತು ಸಿಗದೆಂದು ಭಾವಿಸಿದಿರಾ?

ತಮ್ಮ ಕೈಪಿಡಿ ಯಶಸ್ವಿಯಾಗಿದೆ ಎಂಬುದನ್ನು ವರದಿ ಮಾಡಬೇಕಾದ್ದು ನನ್ನ ಕರ್ತವ್ಯ. ಯಾವಾಗಲೂ ಬಾಯಿ ಬಿಡದವರೂ ಮಾತನಾಡಿದರು. ಬಸ್ ಚಾಲಕ: ‘ಜಗಳ ಆಗಿದೆ ಮೇಡಂ. ಮಗು ನೋಡ್ಕೊಳ್ಳೋಕೆ ಹೋಗೋರು ಒಂದು ತಿಂಗಳಿಂದ ಅದೇ ಮಾತಾಡ್ತಿರ್ತಾರೆ. ಇವರು ಎದ್ದು ಹೊರಟೇ ಹೋಗಿದಾರೆ.’ ನರ್ಸ್: ‘ತೂಕ ಅಂತೆ! ನೋಟ್‌ಬುಕ್ ಏನು ಒರಳುಕಲ್ಲಾ?’ ಎಲ್ಲರೂ ನಕ್ಕರು. ‘ಸುಳ್ಳು ಹೇಳೋಕೂ ಬರಲ್ಲ ಪಾಪ, ಈ ಅಮ್ಮನಿಗೆ’ ಎಂದರು ಇನ್ನೊಬ್ಬರು.

‘ಪಠ್ಯದಲ್ಲಿ ಇರುವುದನ್ನಷ್ಟೇ ಹೇಳಬೇಕು’ ಎಂದು ನಾನು ಗದರಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೈಗಳನ್ನು ಮೇಜಿನ ಕೆಳಗಿಟ್ಟುಕೊಂಡು ಕುಳಿತೆ. ದರ್ಜಿ ಕೊನೆಯಲ್ಲಿ ಎದ್ದು ಹೇಳಿದ್ದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ತರಗತಿ ಮುಗಿದ ಮೇಲೆ ಇನ್ನೂರ ಒಂದನೆಯ ಪುಟದ ಉತ್ತರಸೂಚಿಯನ್ನು ನೋಡಿದೆ. ‘ಉತ್ತರ: ಒಂಟಿತನವನ್ನು.’ ಅದರ ಬಗ್ಗೆಯೂ ಈಗ ಏನೂ ಹೇಳುವುದಿಲ್ಲ.

ನನ್ನ ಎರಡು ಪ್ರಶ್ನೆಗಳಿಗೆ ಉತ್ತರಿಸಿ. ಯಾವ ಅಧಿಕಾರದಿಂದ ಅಚ್ಚು ಹಾಕಿಸಿದಿರಿ? ಈ ಪುಸ್ತಕ ಇದುವರೆಗೆ ಎಲ್ಲೆಲ್ಲಿಗೆ ಹೋಗಿದೆ? ನನ್ನ ತಂಗಿ ಇರುವ ಊರಿಗೆ ಹೋಗಿದೆಯೇ? ‘ಮನೆ ಈಗ ಪ್ರಶಾಂತವಾಗಿದೆ’ ಎಂಬ ಸಾಲು ಅವಳ ಕಣ್ಣಿಗೆ ಬೀಳಬಾರದು. ಬೇರೆ ಯಾರು ಓದಿದರೂ ನಾನು ತಡೆದುಕೊಳ್ಳಬಲ್ಲೆ.

ಇತಿ,
ನಿವೃತ್ತ ಭಾಷಾ ಶಿಕ್ಷಕಿ


ಜೂನ್ ೩೦

ಪೂಜ್ಯ ಮೇಡಂ,

ಎಷ್ಟು ಸಲ ಬರೆದು ಹರಿದೆನೋ ಲೆಕ್ಕವಿಲ್ಲ. ನನಗೆ ‘ತಾವು’ ಎಂದು ಬರೆದಿದ್ದೀರಿ. ಬೈದಿದ್ದರೆ ಚೆನ್ನಾಗಿತ್ತು.

ಮೊದಲ ಪ್ರಶ್ನೆಗೆ ಉತ್ತರ: ಯಾವ ಅಧಿಕಾರವೂ ಇರಲಿಲ್ಲ. ಕೇಳಿದರೆ ಬೇಡವೆನ್ನುತ್ತೀರಿ ಎಂದು ಗೊತ್ತಿತ್ತು, ಆದ್ದರಿಂದಲೇ ಕೇಳಲಿಲ್ಲ. ಮೊದಲು ನಾನೇ ಒಂದು ಪತ್ರ ಕಲ್ಪಿಸಿ ಬರೆದೆ. ಏಳು ಸಲ ಬರೆದೆ. ಎಲ್ಲವೂ ಪಾಠಕ್ಕೆಂದು ಬರೆದ ಪತ್ರಗಳೇ ಆದವು. ಕೊನೆಗೆ ನಿಮ್ಮದನ್ನು ತೆಗೆದು ಮೇಜಿನ ಮೇಲಿಟ್ಟೆ. ಅದರ ಮುಂದೆ ನನ್ನದೆಲ್ಲ ಕಾಗದದ ಹೂವು. ಸಂಪಾದಕಿ ಗೆದ್ದಳು ಮೇಡಂ. ನಿಮ್ಮ ಶಿಷ್ಯೆ ಸೋತಳು.

ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದು ಇದಕ್ಕಿಂತ ಕಷ್ಟ. ಹೋಗಿದೆ. ಮೊದಲ ಪ್ರತಿಯೇ ಅಲ್ಲಿಗೆ ಹೋಗಿದೆ.

ಚಿಕ್ಕಮ್ಮ ನಿಮ್ಮ ಮನೆಯಿಂದ ಹೋದ ಮೂರನೆಯ ತಿಂಗಳು ನನಗೊಂದು ಪತ್ರ ಬರೆದರು. ‘ನನ್ನಂಥ ದಡ್ಡರಿಗೆ ಬರಿಯೋದು ಕಲ್ಸೋ ಸುಲಭದ ಪುಸ್ತಕ ಯಾವ್ದಾದ್ರೂ ಇದ್ರೆ ಕಳ್ಸು. ಮಕ್ಕಳ ಪುಸ್ತಕ ಬೇಡ. ಅಕ್ಕನಿಗೆ ಹೇಳ್ಬೇಡ ಕಣೇ, ನಗ್ತಾಳೆ.’ ಹುಡುಕಿದೆ, ಸಿಗಲಿಲ್ಲ. ಅದಕ್ಕೇ ನಾನೇ ಬರೆಯಲು ಕುಳಿತೆ. ಪರೀಕ್ಷಕರು ಎಂದೆನಲ್ಲ, ಅವರೇ. ಮೂರು ಗುರುತಿನ ನಿಯಮವೂ ಅವರು ಕೇಳಿಕೊಂಡದ್ದು, ಏಕೆಂದು ಹೇಳಲಿಲ್ಲ. ಏಳನೆಯ ಅಧ್ಯಾಯವನ್ನು ಮಾತ್ರ ಅವರಿಗೂ ಮೊದಲು ಕಳುಹಿಸಿರಲಿಲ್ಲ. ಈಗ ಅಚ್ಚಾದ ಪುಸ್ತಕದಿಂದ ವಾರಕ್ಕೊಂದು ಅಧ್ಯಾಯ ಮಾಡಿ ಉತ್ತರ ಕಳುಹಿಸುತ್ತಾರೆ. ಮೊನ್ನೆ ಆರನೆಯದು ಬಂತು.

ನಿಮ್ಮ ಪತ್ರ ಓದಿದವರಿಗೆ ನೀವೆಷ್ಟು ಒಂಟಿಯಾಗಿದ್ದೀರೆಂದು ತಿಳಿಯದೆ ಇರದು. ಚಿಕ್ಕಮ್ಮ ಓದಿದರೆ ಅವರಿಗೂ ತಿಳಿಯುತ್ತದೆ, ಹಿಂದಿರುಗುತ್ತಾರೆ ಎಂಬ ಆಸೆ ಇತ್ತು. ನೀವು ಬಾಯಿಬಿಟ್ಟು ಕರೆಯುವವರಲ್ಲ. ನಿಮ್ಮ ಪರವಾಗಿ ಕರೆದೆ ಎಂದುಕೊಂಡೆ.

ಜುಲೈ ಇಪ್ಪತ್ತಕ್ಕೆ ಎರಡನೆಯ ಮುದ್ರಣ. ನೀವು ಒಂದು ಮಾತು ಹೇಳಿದರೆ ಆ ಪುಟವನ್ನು ತೆಗೆಸುತ್ತೇನೆ. ಹೇಳಿ ಮೇಡಂ. ಬೈದು ಹೇಳಿ.

ನಿಮ್ಮ,
ಅಲ್ಪವಿರಾಮ


ಜುಲೈ ೯

ಪೂಜ್ಯ ಮೇಡಂ,

ನಿಮ್ಮಿಂದ ಉತ್ತರವಿಲ್ಲ. ಗ್ರಂಥಾಲಯಕ್ಕೆ ಫೋನ್ ಮಾಡಿದೆ. ಕಳೆದ ಎರಡು ಭಾನುವಾರ ತರಗತಿ ನಡೆದಿದೆ, ನೀವು ಚೆನ್ನಾಗಿದ್ದೀರಿ ಎಂದರು.

ಚಿಕ್ಕಮ್ಮನ ಏಳನೆಯ ಅಧ್ಯಾಯದ ಹಾಳೆ ನಿನ್ನೆ ಬಂತು. ಬೇರೆಲ್ಲ ಪ್ರಶ್ನೆಗಳಿಗೂ ಉತ್ತರಿಸಿದ್ದಾರೆ. ತೊಂಬತ್ತನಾಲ್ಕನೆಯ ಪುಟದ್ದಕ್ಕೆ ಐದು ಸಾಲಿನ ಜಾಗ ಬಿಟ್ಟು, ಕೆಳಗೆ ಒಂದೇ ಸಾಲು: ‘ಈ ಪ್ರಶ್ನೆ ಕೇಳಬಾರದಿತ್ತು.’

ನನಗೆ ಅರ್ಥವಾಗುತ್ತಿಲ್ಲ. ನಿಮಗೆ ಆಗಬಹುದೆಂದು ಹಾಳೆಯನ್ನೇ ಕಳುಹಿಸುತ್ತಿದ್ದೇನೆ. ಇದನ್ನೂ ಅವರನ್ನು ಕೇಳದೆ ಮಾಡುತ್ತಿದ್ದೇನೆ ಎಂಬುದು ಲಕೋಟೆ ಅಂಟಿಸುವಾಗ ಹೊಳೆಯಿತು. ಆದರೂ ಅಂಟಿಸಿದೆ.

ಅಲ್ಪವಿರಾಮ


ಜುಲೈ ೧೪

ಸಂಪಾದಕಿಯವರಿಗೆ,

ತಮ್ಮ ಜೂನ್ ಮೂವತ್ತರ ಮತ್ತು ಜುಲೈ ಒಂಬತ್ತರ ಪತ್ರಗಳು ತಲುಪಿವೆ. ಉತ್ತರ ತಡವಾದದ್ದು ಕೋಪದಿಂದಲ್ಲ. ಕೆಲಸವಿತ್ತು. ಅದೇನೆಂದು ಕೆಳಗೆ ಬರೆಯುತ್ತೇನೆ.

ಮೊದಲು ದರ್ಜಿ ಹೇಳಿದ್ದು. ಅಳತೆಯ ಟೇಪು ಕೊರಳಲ್ಲೇ ಇತ್ತು. ಅಂಗಡಿಯಿಂದ ನೇರವಾಗಿ ಬಂದಿದ್ದರು. ‘ಪೆನ್ನು ಮೇಡಂ’ ಎಂದರು. ‘ಪಾಠ ಬಿಟ್ಟು ನಾಲ್ಕು ವರ್ಷ ಆದೋರಿಗೆ ಕೆಂಪು ಪೆನ್ನು ಯಾಕೆ ಮುಗಿಯುತ್ತೆ? ಆ ನೋಟ್‌ಬುಕ್ಕಿಗೇ ಮುಗಿದಿದೆ. ತಂಗಿ ಏನೋ ಬರೆದಿದಾರೆ, ಇವರು ತಿದ್ದಿದಾರೆ. ಅದಕ್ಕೇ ತಂಗಿ ಹೋಗಿದ್ದು, ಅದಕ್ಕೇ ಪುಸ್ತಕ ಬಿಟ್ಟೋಗಿದ್ದು.’ ನರ್ಸ್, ‘ಪಾಪ, ಒಬ್ಬರೇ ಆಗ್ಬಿಟ್ರು’ ಎಂದರು. ದರ್ಜಿ ತಲೆಯಲ್ಲಾಡಿಸಿದರು. ‘ಒಬ್ಬರೇ ಆಗಿದ್ದಕ್ಕೆ ಬೇಜಾರಾದ್ರೆ ಬಾ ಅಂತ ಬರೀತಿದ್ರು. ಇದು ಬೇಜಾರಲ್ಲಮ್ಮ. ನಾಚಿಕೆ.’

ಮೂರು ವರ್ಷದ ಹಿಂದೆ ಸಹಿ ಹಾಕಲು ಕಲಿತ ವ್ಯಕ್ತಿ ಅವರು. ತಾವು ಎಂಟನೆಯ ತರಗತಿಯಿಂದ ನನ್ನನ್ನು ಓದುತ್ತಿರುವವರು.

ನೋಟ್‌ಬುಕ್ಕಿನ ವಿಷಯ. ನನ್ನ ಓದು ನಿಲ್ಲಬಾರದೆಂದು ತಂಗಿ ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಐವತ್ತೆಂಟನೆಯ ವಯಸ್ಸಿನಲ್ಲಿ, ನನಗೆ ತಿಳಿಯದಂತೆ, ಎಂಬತ್ತೆಂಟು ಪುಟ ಬರೆದು ಒಂದು ಬೆಳಿಗ್ಗೆ ನನ್ನ ಕಾಫಿ ಲೋಟದ ಪಕ್ಕ ಇಟ್ಟಳು. ‘ಅಕ್ಕ, ಬಿಡುವಾದಾಗ ನೋಡು’ ಎಂದಳು. ನಾನು ನೋಡಿದೆ. ಎರಡು ಪೆನ್ನು ಮುಗಿಯುವಷ್ಟು ನೋಡಿದೆ. ಮೊದಲ ಪುಟದಲ್ಲಿ ನಾನು ಮೊದಲ ದಿನ ಕೆಲಸಕ್ಕೆ ಹೋದ ಬೆಳಗಿನ ವರ್ಣನೆ ಇತ್ತು. ಅದರಲ್ಲಿ ನಲವತ್ತೇಳು ಗುರುತು ಹಾಕಿದೆ. ನನ್ನ ಬಟ್ಟೆಗೆ ಇಸ್ತ್ರಿ ಹಾಕುವಾಗ ಅವಳ ಕೈ ಸುಟ್ಟದ್ದನ್ನು, ಅದನ್ನು ನನಗೆ ತೋರಿಸದೆ ಬಾಗಿಲವರೆಗೆ ಬಂದು ನಿಂತದ್ದನ್ನು ಬರೆದಿದ್ದಳು. ಆ ಸಾಲಿನ ಪಕ್ಕ ‘ಅನಗತ್ಯ ವಿವರ’ ಎಂದು ಬರೆದೆ. ಕೊನೆಯಲ್ಲಿ ಅಂಕ: ನೂರಕ್ಕೆ ಮೂವತ್ತೊಂದು. ಷರಾ: ‘ಅಭ್ಯಾಸ ಸಾಲದು.’

ಅಡುಗೆಮನೆಯ ಮೇಜಿನ ಮೇಲೆ ಬಿಡಿಸಿಟ್ಟೆ. ಅವಳು ನಿಂತೇ ಓದಿದಳು, ಕೊನೆಯ ಪುಟದವರೆಗೆ. ಆ ಶುಕ್ರವಾರ ಹೊರಟಳು. ಬಾಗಿಲಲ್ಲಿ, ‘ಗ್ಯಾಸ್ ಆಫ್ ಮಾಡೋದು ಮರೀಬೇಡ ಅಕ್ಕ’ ಎಂದಷ್ಟೇ ಹೇಳಿದಳು.

ತಮ್ಮ ಉತ್ತರಸೂಚಿ ತಪ್ಪು ಎಂಬುದು ಈಗ ತಮಗೆ ತಿಳಿದಿರಬೇಕು. ಆದರೆ ಆ ತಪ್ಪಿಗೆ ನಾನು ಋಣಿ. ಎರಡು ವರ್ಷ ತಮಗೆ ಪತ್ರ ಬರೆಯುತ್ತಿದ್ದ ನನ್ನ ತಂಗಿ, ತಮ್ಮಲ್ಲಿ ಮೂರೇ ಗುರುತಿನ ಬೇಡಿಕೆ ಇಟ್ಟವಳು, ಅದರ ಕಾರಣ ಮಾತ್ರ ಹೇಳಲಿಲ್ಲ. ಹೇಳಿದ್ದರೆ ತಾವು ‘ಒಂಟಿತನ’ ಎಂದು ಬರೆಯುತ್ತಿರಲಿಲ್ಲ. ನನ್ನ ಶಿಷ್ಯೆಯ ಎದುರು ನನ್ನ ಮಾನ ಹೋಗಬಾರದೆಂದು ಅವಳು ಬಾಯಿ ಮುಚ್ಚಿಕೊಂಡಳು. ನಾಲ್ಕು ಸಾವಿರ ಮಕ್ಕಳಿಗೆ ಪಾಠ ಹೇಳಿದ ನಾನು ಅವಳನ್ನು ದಡ್ಡಿ ಎಂದುಕೊಂಡಿದ್ದೆ. ತಾವು ಅವಳನ್ನು ಪರೀಕ್ಷಕಿಯನ್ನಾಗಿ ಇಟ್ಟುಕೊಂಡಿದ್ದಿರಿ. ಅವಳು ನಮ್ಮಿಬ್ಬರ ಗುಟ್ಟನ್ನೂ ಇಟ್ಟುಕೊಂಡಿದ್ದಳು. ತೊಂಬತ್ತನಾಲ್ಕನೆಯ ಪುಟ ಕಂಡಾಗಲೂ, ತನ್ನ ನೋಟ್‌ಬುಕ್ ‘ತೂಕ ಹೆಚ್ಚು’ ಎಂದು ನಾನು ಬರೆದದ್ದನ್ನು ಓದಿದಾಗಲೂ, ಅವಳು ಉತ್ತರ ಬರೆಯಲಿಲ್ಲ. ‘ಕೇಳಬಾರದಿತ್ತು’ ಎಂದು ಪ್ರಶ್ನೆಯನ್ನೇ ತಿದ್ದಿದಳು. ಒಂದೇ ಒಂದು ಗುರುತು.

ನನ್ನ ಕೆಲಸ ಇದು: ಜುಲೈ ಒಂದರಿಂದ ಆ ಎಂಬತ್ತೆಂಟು ಪುಟಗಳನ್ನು ಹೊಸ ನೋಟ್‌ಬುಕ್ಕಿಗೆ ಪ್ರತಿ ಮಾಡಿದೆ. ಅವಳು ಬರೆದಂತೆಯೇ, ಅವಳ ತಪ್ಪುಗಳೂ ಸೇರಿ, ನೀಲಿ ಶಾಯಿಯಲ್ಲಿ. ತಿದ್ದದೆ ಬರೆಯುವುದು ಎಷ್ಟು ಕಷ್ಟವೆಂದು ತಮ್ಮ ಕೈಪಿಡಿಯ ಯಾವ ಅಧ್ಯಾಯವೂ ಹೇಳುವುದಿಲ್ಲ. ಹದಿಮೂರನೆಯ ಪುಟದಲ್ಲಿ ಕೈ ತಾನಾಗಿಯೇ ಒಂದು ಅಕ್ಷರ ಸರಿಪಡಿಸಿಬಿಟ್ಟಿತು. ಆ ಹಾಳೆ ಹರಿದು ಮತ್ತೆ ಬರೆದೆ. ನಿನ್ನೆ ಮುಗಿಯಿತು. ನಾಳೆ ಬೆಳಗಿನ ಬಸ್ಸಿಗೆ ತೆಗೆದುಕೊಂಡು ಹೋಗುತ್ತಿದ್ದೇನೆ. ಅವಳು ಬಾಗಿಲು ತೆರೆಯುತ್ತಾಳೋ ಇಲ್ಲವೋ ಎಂಬುದು ತಮ್ಮ ಪುಸ್ತಕದ ಅಭ್ಯಾಸವಲ್ಲ.

ತಮ್ಮ ಉದ್ದೇಶ ಒಳ್ಳೆಯದಿತ್ತು ಎಂಬುದನ್ನು ಒಪ್ಪುತ್ತೇನೆ. ಆ ನೋಟ್‌ಬುಕ್ ತಿದ್ದುವಾಗ ನನ್ನ ಉದ್ದೇಶವೂ ಒಳ್ಳೆಯದೇ ಇತ್ತು. ಆದ್ದರಿಂದ ಅದಕ್ಕೆ ಅಂಕ ಕೊಡಲಾರೆ. ನನ್ನ ಪರವಾಗಿ ಕರೆದೆ ಎಂದಿರಿ. ನಾನು ಕರೆಯಬೇಕಾದವಳನ್ನು ನಾನೇ ಕರೆಯುವ ಅವಕಾಶವನ್ನು ತಾವು ಅಚ್ಚು ಹಾಕಿಸಿ ಹಂಚಿದಿರಿ. ಇನ್ನು ನಾನು ಅವಳ ಬಾಗಿಲಲ್ಲಿ ಏನು ಹೇಳಿದರೂ ಅವಳು ಅದನ್ನು ಮೊದಲೇ ಪುಸ್ತಕದಲ್ಲಿ ಓದಿರುತ್ತಾಳೆ. ಪತ್ರ ಎಂದರೆ ಒಬ್ಬರಿಗೆ ಬರೆದದ್ದು. ಅದೊಂದನ್ನು ನಿನಗೆ ಕಲಿಸಿದ್ದೇನೆ ಎಂದು ನಂಬಿದ್ದೆ.

ತೊಂಬತ್ತನಾಲ್ಕನೆಯ ಪುಟವನ್ನೂ ಅದರ ಉತ್ತರವನ್ನೂ ತೆಗೆಯತಕ್ಕದ್ದು. ಕೃತಜ್ಞತೆಯ ಪುಟದಿಂದ ನನ್ನ ಹೆಸರನ್ನೂ, ಸೇವಾವಧಿಯನ್ನೂ ತೆಗೆಯತಕ್ಕದ್ದು. ಉಳಿದ ಪುಸ್ತಕ ಒಳ್ಳೆಯದು. ತರಗತಿಯಲ್ಲಿ ಬಳಸುವುದನ್ನು ನಿಲ್ಲಿಸುವುದಿಲ್ಲ; ಹನ್ನೊಂದು ಜನರ ಓದಿಗೆ ನನ್ನ ಮನಸ್ತಾಪ ಅಡ್ಡಬರಬಾರದು. ಮೂರು ಗುರುತಿನ ನಿಯಮವನ್ನು ಉಳಿಸಿಕೊಳ್ಳಿ.

ಇತಿ,
ನಿವೃತ್ತ ಭಾಷಾ ಶಿಕ್ಷಕಿ

ಲಗತ್ತುಗಳು:

೧. ಮೇಲಿನ ಪುಟಗಳನ್ನು ತೆಗೆಯಲು ಸೂಚನಾ ಪತ್ರ, ಎರಡು ಪ್ರತಿ. ಒಂದಕ್ಕೆ ಸಹಿ ಮಾಡಿ ಹಿಂದಿರುಗಿಸುವುದು.

೨. ನನ್ನ ತಂಗಿಯ ಉತ್ತರದ ಹಾಳೆ, ಒಂದು. ಇದು ತಮ್ಮದೂ ಅಲ್ಲ, ನನ್ನದೂ ಅಲ್ಲ. ಅವಳಿಗೆ ಹಿಂದಿರುಗಿಸಿ, ನನಗೆ ತೋರಿಸಿದ್ದನ್ನು ತಾವೇ ಹೇಳುವುದು.

೩. ತರಗತಿಯವರ ಉತ್ತರಗಳ ಕೈಪ್ರತಿ, ಹನ್ನೊಂದು. ಕಳುಹಿಸುವ ಮೊದಲು ಪ್ರತಿಯೊಬ್ಬರನ್ನೂ ಕೇಳಿ ಒಪ್ಪಿಗೆ ಪಡೆಯಲಾಗಿದೆ. ಆಗ ಪತ್ರ ನನ್ನದೆಂದೂ ಹೇಳಿದೆ. ದರ್ಜಿ, ‘ಅವತ್ತೇ ಗೊತ್ತಾಯ್ತು ಮೇಡಂ, ಹೊಲಿಗೆ ನೋಡಿದ್ರೆ ಕೈ ಯಾರದು ಅಂತ ತಿಳಿಯುತ್ತೆ’ ಎಂದರು.

೪. ತಾವು ಇದುವರೆಗೆ ನನಗೆ ಬರೆದ ಪತ್ರಗಳು, ನಲವತ್ತೊಂದು, ದಿನಾಂಕದ ಕ್ರಮದಲ್ಲಿ.

೫. ನನ್ನ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಖಾಲಿ ಲಕೋಟೆ, ಒಂದು. ನನ್ನ ಪತ್ರಗಳನ್ನು ಇದರಲ್ಲಿ ಹಾಕಿ ಕಳುಹಿಸುವುದು. ಇಪ್ಪತ್ತಮೂರು ಇರಬೇಕು. ಇದನ್ನೂ ಸೇರಿಸಿ ಇಪ್ಪತ್ತನಾಲ್ಕು.